ತಪ್ಪು ಉತ್ತರಕ್ಕೂ ಒಂದು ದಾರಿ ಇರುತ್ತದೆ

(ಸಾಗರ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಜುಲೈ ತಿಂಗಳಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ತಗಡಿನ ಮೇಲೆ ಮಳೆ ಈ ಪರಿ ಸುರಿಯುವಾಗ ಹಿಂದಿನ ಬೆಂಚಿನವರಿಗೆ ನನ್ನ ಮಾತು ಕೇಳುವುದು ಕಷ್ಟ. ಮುಂದೆ ಜಾಗವಿದೆ, ಸಂಕೋಚಪಡದೆ ಬನ್ನಿ.

ನನಗೆ ಕೊಟ್ಟಿರುವ ವಿಷಯ ತಪ್ಪುಗಳಿಂದ ಕಲಿಯುವುದು. ಇದರ ಮೇಲೆ ಭಾಷಣ ಮಾಡುವುದು ಬಹಳ ಸುಲಭ. ಎಡಿಸನ್ನಿನ ಬಲ್ಬು, ಬಲೆ ಹೆಣೆಯುವ ಜೇಡ, ಸೋಲೇ ಗೆಲುವಿನ ಮೆಟ್ಟಿಲು ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡು ಹೋಗಬಹುದು. ಅದನ್ನೆಲ್ಲ ನೀವು ಪ್ರಾಥಮಿಕ ಶಾಲೆಯಿಂದ ಕೇಳಿಕೊಂಡೇ ಬಂದಿದ್ದೀರಿ. ಅಷ್ಟು ಕೇಳಿಯೂ ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದ ಕೂಡಲೇ ಏನು ಮಾಡುತ್ತೀರಿ? ಮೇಲಿನ ಅಂಕ ನೋಡುತ್ತೀರಿ, ಪಕ್ಕದವರಿಗೆ ಎಷ್ಟು ಬಂತೆಂದು ಕೇಳುತ್ತೀರಿ, ಮೇಷ್ಟ್ರು ಕೂಡಿಸುವಾಗ ಅರ್ಧ ಅಂಕ ಬಿಟ್ಟಿದ್ದಾರೆಯೇ ಎಂದು ಹುಡುಕುತ್ತೀರಿ. ಆಮೇಲೆ ಅದು ಬ್ಯಾಗಿನ ತಳ ಸೇರುತ್ತದೆ. ನಾನು ಗಣಿತದ ಮೇಷ್ಟ್ರು. ಉಪದೇಶ ಮಾಡಲು ಹೊರಟರೆ ನನಗೇ ನಿದ್ದೆ ಬರುತ್ತದೆ. ಅದಕ್ಕೇ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯುತ್ತೇನೆ.

503 − 278.

ಮೂರನೇ ತರಗತಿಯ ಹುಡುಗನೊಬ್ಬ ಇದಕ್ಕೆ 375 ಎಂದು ಬರೆಯುತ್ತಾನೆ. ಸರಿಯಾದ ಉತ್ತರ 225. ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ ಬೀಳುತ್ತದೆ, 'ಗಮನವಿಟ್ಟು ಮಾಡು' ಎಂಬ ಷರಾ ಬೀಳುತ್ತದೆ. ಆದರೆ ಅವನು ಗಮನವಿಟ್ಟೇ ಮಾಡಿದ್ದಾನೆ. ಬಿಡಿ ಸ್ಥಾನದಲ್ಲಿ 3 ಮತ್ತು 8 ಇವೆ. ದೊಡ್ಡದರಿಂದ ಚಿಕ್ಕದನ್ನು ಕಳೆದ, 5 ಬಂತು. ಹತ್ತರ ಸ್ಥಾನದಲ್ಲಿ 0 ಮತ್ತು 7, ಅಲ್ಲಿ 7 ಬರೆದ. ನೂರರ ಸ್ಥಾನದಲ್ಲಿ 5ರಿಂದ 2 ಹೋಗಿ 3. ಎಲ್ಲಿಯೂ ಕೈ ತಪ್ಪಿಲ್ಲ, ಗಡಿಬಿಡಿ ಇಲ್ಲ. 'ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು' ಎಂದು ಹಿಂದಿನ ವರ್ಷ ಕಲಿತ ನಿಯಮವನ್ನು ಶಿಸ್ತಾಗಿ ಪಾಲಿಸಿದ್ದಾನೆ. ಆ ನಿಯಮ ಒಂದಂಕಿಯ ಲೆಕ್ಕಗಳಿಗೆ ಸರಿಯಾಗಿಯೇ ಇತ್ತು. ದಶಕ ಕಡ ತೆಗೆದುಕೊಳ್ಳುವ ಲೆಕ್ಕ ಬಂದಾಗ ಅದರ ಗಡಿ ಮುಗಿಯಿತು ಎನ್ನುವುದು ಅವನಿಗೆ ತಿಳಿದಿಲ್ಲ, ಅಷ್ಟೆ. ಈಗ ಅವನಿಗೆ 42ರಿಂದ 17 ಕಳೆಯಲು ಕೊಡಿ. 35 ಎಂದು ಬರೆಯುತ್ತಾನೆ ಎಂದು ನಾನು ಇಲ್ಲಿಂದಲೇ ಹೇಳಬಲ್ಲೆ.

ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು 1978ರಲ್ಲಿ ಮಕ್ಕಳ ವ್ಯವಕಲನದ ತಪ್ಪುಗಳನ್ನು ಹೀಗೆಯೇ ಬಿಡಿಸಿ ನೋಡಿದರು. ಬೇಕಾಬಿಟ್ಟಿ ಬರೆದಂತೆ ಕಾಣುವ ಉತ್ತರಗಳಲ್ಲಿ ಬಹಳಷ್ಟು, ಯಾವುದೋ ಒಂದು ಕೆಟ್ಟ ನಿಯಮವನ್ನು ಬಿಡದೆ ಅನುಸರಿಸಿದ್ದರಿಂದ ಬಂದವು ಎಂದು ತೋರಿಸಿದರು. ಆ ನಿಯಮ ಯಾವುದೆಂದು ಪತ್ತೆ ಹಚ್ಚುವುದನ್ನು ಶಿಕ್ಷಕರಿಗೆ ಕಲಿಸಲು ಕಂಪ್ಯೂಟರಿನಲ್ಲಿ ಒಂದು ಆಟವನ್ನೂ ಮಾಡಿದರು. ಮಗುವಿನ ತಪ್ಪನ್ನು ಮುಂಚಿತವಾಗಿ ಹೇಳಲು ಬರುತ್ತದೆ ಎಂದಾದರೆ ಅದನ್ನು ಅಜಾಗರೂಕತೆ ಎನ್ನುವುದು ಹೇಗೆ? ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದೇ. ತಪ್ಪು ಉತ್ತರಕ್ಕೂ ಒಂದು ದಾರಿ ಇರುತ್ತದೆ, ಆ ದಾರಿಯಲ್ಲಿ ಹಿಂದಕ್ಕೆ ನಡೆದು ನೋಡದವನಿಗೆ ತಪ್ಪಿನಿಂದ ಏನೂ ಸಿಗುವುದಿಲ್ಲ.

ಮೂರನೇ ತರಗತಿಯ ಹುಡುಗನನ್ನು ನೋಡಿ ನೀವು ನಕ್ಕಿರಿ. ಈಗ ನಿಮ್ಮ ಸರದಿ. a ಮತ್ತು b ಕೂಡಿಸಿ ವರ್ಗ ಮಾಡಿದರೆ a ವರ್ಗ ಪ್ಲಸ್ b ವರ್ಗ ಎಂದು ಎಷ್ಟು ಜನ ಬರೆದಿದ್ದೀರಿ? ಕೈ ಎತ್ತುವುದು ಬೇಡ, ಮುಖ ನೋಡಿದರೆ ತಿಳಿಯುತ್ತದೆ. ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ತೋಟವಿದೆ. ಏಳು ಸಾಲು, ಸಾಲಿಗೆ ಏಳರಂತೆ ಅಡಿಕೆ ಸಸಿ ನೆಟ್ಟಿದ್ದೀರಿ ಎನ್ನಿ. ಒಟ್ಟು 49. ಈ ಏಳನ್ನು ಮೂರು ಮತ್ತು ನಾಲ್ಕು ಎಂದು ಒಡೆದು ನಿಮ್ಮ ಸೂತ್ರ ಹಾಕಿದರೆ 9 ಮತ್ತು 16, ಒಟ್ಟು 25. ಇಪ್ಪತ್ತನಾಲ್ಕು ಸಸಿ ಎಲ್ಲಿ ಹೋದವು? ತೋಟದ ಒಂದು ಮೂಲೆಯಲ್ಲಿ ಮೂರು-ಮೂರರ ಚೌಕ, ಅದರ ಎದುರು ಮೂಲೆಯಲ್ಲಿ ನಾಲ್ಕು-ನಾಲ್ಕರ ಚೌಕ ಮಾತ್ರ ಎಣಿಸಿ ಬಂದಿದ್ದೀರಿ. ಉಳಿದ ಎರಡು ಮೂಲೆಗಳಲ್ಲಿ ಮೂರು-ನಾಲ್ಕರ ಎರಡು ಆಯತಗಳಿವೆ, ಹನ್ನೆರಡು ಮತ್ತು ಹನ್ನೆರಡು. ಅದೇ 2ab. ಸೂತ್ರವನ್ನು ನೂರು ಸಲ ಬಾಯಿಪಾಠ ಮಾಡಿದವನಿಗಿಂತ, ಆ ಇಪ್ಪತ್ತನಾಲ್ಕು ಸಸಿಗಳನ್ನು ಹುಡುಕಿಕೊಂಡು ಹೋದವನಿಗೆ 2ab ಹೆಚ್ಚು ದಿನ ನೆನಪಿರುತ್ತದೆ.

ಈ ತಪ್ಪು ಹುಟ್ಟಿದ್ದೂ ಒಂದು ಸರಿಯಾದ ನಿಯಮದಿಂದಲೇ. 2(a+b) ಎಂದರೆ 2a+2b. ಆವರಣದ ಹೊರಗಿರುವುದನ್ನು ಒಳಗಿರುವ ಇಬ್ಬರಿಗೂ ಹಂಚಬಹುದು ಎಂದು ಕಲಿತಿರಿ, ಕಂಡ ಕಂಡಲ್ಲಿ ಹಂಚಲು ಶುರು ಮಾಡಿದಿರಿ. ಈಗ ಪಿಯುಸಿಯಲ್ಲಿ sin(A+B) ಎಂದರೆ sin A + sin B ಎಂದು ಬರೆಯುತ್ತೀರಿ. 30 ಮತ್ತು 60 ಡಿಗ್ರಿ ಹಾಕಿ ನೋಡಿ. ಎಡಗಡೆ 90 ಡಿಗ್ರಿಯ ಸೈನ್, ಅಂದರೆ 1. ಬಲಗಡೆ 0.5 ಮತ್ತು 0.866 ಸೇರಿ 1.366. ಸೈನ್ ಬೆಲೆ ಒಂದನ್ನು ದಾಟುವುದೇ ಇಲ್ಲವಲ್ಲ! log(a+b) ಕಥೆಯೂ ಇದೇ. ಹೈಸ್ಕೂಲಿನಲ್ಲಿ ಬಿಡಿಸದೆ ಬಿಟ್ಟ ಒಂದೇ ತಪ್ಪು ಪಿಯುಸಿಯಲ್ಲಿ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ರಂಗಸ್ಥಳಕ್ಕೆ ಬರುತ್ತದೆ, ನೀವು ಪ್ರತಿ ಸಲವೂ ಅದನ್ನು ಹೊಸ ತಪ್ಪೆಂದು ತಿಳಿಯುತ್ತೀರಿ.

ಇದು ಕಾಣದಂತೆ ಮಾಡುವ ಒಂದು ಮಾತಿದೆ: 'ಸಿಲ್ಲಿ ಮಿಸ್ಟೇಕ್'. ಮಗ ಹೇಳುತ್ತಾನೆ, ಅಪ್ಪ ನೆಂಟರ ಮುಂದೆ ಹೇಳುತ್ತಾರೆ, ಕೆಲವು ಸಲ ಶಿಕ್ಷಕರೂ ಹೇಳುತ್ತಾರೆ. 'ಅವನಿಗೆ ಎಲ್ಲ ಬರುತ್ತದೆ, ಸಿಲ್ಲಿ ಮಿಸ್ಟೇಕ್‌ನಲ್ಲಿ ಹತ್ತು ಅಂಕ ಹೋಯಿತು.' ಮರ್ಯಾದೆ ಉಳಿಯಿತು, ವಿಚಾರಣೆ ಅಲ್ಲಿಗೇ ಮುಗಿಯಿತು. ನಿಜವಾಗಿ ಕೈತಪ್ಪಿನಿಂದ ಆಗುವ ತಪ್ಪುಗಳು ಇಲ್ಲವೆಂದಲ್ಲ. ಆದರೆ ಪ್ರತಿ ಪರೀಕ್ಷೆಯಲ್ಲೂ ಮೈನಸ್ ಚಿಹ್ನೆ ಆವರಣ ಬಿಡಿಸುವಲ್ಲೇ ಕಳೆದುಹೋಗುತ್ತಿದ್ದರೆ ಅದು ಕೈಯದ್ದಲ್ಲ, ತಿಳಿವಳಿಕೆಯದ್ದು. ಹಾಗೆ ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ಇನ್ನೊಂದು, ಇಂಪೊಸಿಷನ್. ತಪ್ಪಾದ ಉತ್ತರದ ಸರಿ ರೂಪವನ್ನು ಇಪ್ಪತ್ತು ಸಲ, ಐವತ್ತು ಸಲ ಬರೆಯಿಸುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಹೋಯಿತು, ಆದರೆ ಈ ಬರೆಯಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಕಾಗುಣಿತಕ್ಕೆ ಅದರಿಂದ ಅಷ್ಟಿಷ್ಟು ಪ್ರಯೋಜನ ಇರಬಹುದು. ಲೆಕ್ಕಕ್ಕೆ, ವಿಜ್ಞಾನಕ್ಕೆ ಯಾವ ಪ್ರಯೋಜನವೂ ಇಲ್ಲ. ಸರಿ ಉತ್ತರವನ್ನು ಐವತ್ತು ಸಲ ಬರೆದವನು ತನ್ನ ತಪ್ಪು ಉತ್ತರವನ್ನು ಒಂದು ಸಲವೂ ಓದಿರುವುದಿಲ್ಲ.

ಅಂಕದ ವಿಚಾರಕ್ಕೆ ಬರುತ್ತೇನೆ, ಇಲ್ಲಿ ಪೋಷಕರು ಸ್ವಲ್ಪ ಕಿವಿಗೊಡಬೇಕು. 1988ರಲ್ಲಿ ಇಸ್ರೇಲಿನ ರುತ್ ಬಟ್ಲರ್ ಎಂಬವರು ಐದು ಮತ್ತು ಆರನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಒಂದು ಅಧ್ಯಯನವನ್ನು ಪ್ರಕಟಿಸಿದರು. ಕೆಲವು ಮಕ್ಕಳಿಗೆ ಅಂಕ ಮಾತ್ರ ಕೊಟ್ಟರು. ಕೆಲವರಿಗೆ ಎಲ್ಲಿ ಸರಿ, ಎಲ್ಲಿ ತಪ್ಪು ಎಂಬ ಟಿಪ್ಪಣಿ ಮಾತ್ರ. ಉಳಿದವರಿಗೆ ಎರಡೂ. ಟಿಪ್ಪಣಿ ಮಾತ್ರ ಪಡೆದ ಮಕ್ಕಳ ಕೆಲಸ ಮುಂದಿನ ಸುತ್ತಿನಲ್ಲಿ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರಿಗೆ ಎರಡು ಪಟ್ಟು ಲಾಭವಾಗಬೇಕಿತ್ತಲ್ಲವೇ? ಆಗಲಿಲ್ಲ. ಅವರು ಅಂಕ ಮಾತ್ರ ಪಡೆದವರ ಹತ್ತಿರವೇ ಉಳಿದರು. ಅಂಕ ಕಂಡ ಮೇಲೆ ಟಿಪ್ಪಣಿಯನ್ನು ಯಾರು ಓದುತ್ತಾರೆ? ಆದ್ದರಿಂದ ಇಲ್ಲಿರುವ ಶಿಕ್ಷಕಮಿತ್ರರಲ್ಲಿ ಒಂದು ಬೇಡಿಕೆ. ಕಿರುಪರೀಕ್ಷೆಯ ಪತ್ರಿಕೆಯನ್ನು ಮೊದಲು ಅಂಕವಿಲ್ಲದೆ, ಬರೀ ಗುರುತುಗಳೊಂದಿಗೆ ಕೊಡಿ. ಅಂಕವನ್ನು ಎರಡು ದಿನ ಬಿಟ್ಟು ಹೇಳಿ. ಅರವತ್ತು ಪತ್ರಿಕೆಗಳಿಗೆ ಟಿಪ್ಪಣಿ ಬರೆಯುವ ಕಷ್ಟ ನನಗೆ ಗೊತ್ತಿದೆ. ಎಲ್ಲ ಉತ್ತರಕ್ಕೂ ಬೇಡ, ಒಂದೇ ಒಂದು ತಪ್ಪನ್ನು ಆರಿಸಿ ಅದರ ಪಕ್ಕ 'ಇದು ಹೇಗೆ ಬಂತು?' ಎಂದು ಕೇಳಿದರೂ ಸಾಕು.

ಬೋರ್ಡ್ ಪರೀಕ್ಷೆಯ ಉತ್ತರಪತ್ರಿಕೆಯನ್ನು ನೋಡುವುದು ಈಗ ನಿಮ್ಮ ಹಕ್ಕು. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ನೋಡಲು ಪರೀಕ್ಷಾರ್ಥಿಗೆ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟಿತು. ನಮ್ಮ ಪರೀಕ್ಷಾ ಮಂಡಳಿಯೂ ಶುಲ್ಕ ಕಟ್ಟಿದರೆ ಸ್ಕ್ಯಾನ್ ಪ್ರತಿ ಕೊಡುತ್ತದೆ. ಅದನ್ನು ತರಿಸುವವರು ಇದ್ದಾರೆ, ಆದರೆ ಏಕೆ ತರಿಸುತ್ತಾರೆ? ಮರುಮೌಲ್ಯಮಾಪನದಲ್ಲಿ ನಾಲ್ಕು ಅಂಕ ಸಿಗುತ್ತದೆಯೇ ಎಂದು ನೋಡಲು. ಸಿಗುವ ಹಾಗಿಲ್ಲ ಎಂದು ಗೊತ್ತಾದರೆ ಆ ಫೈಲನ್ನು ಮೊಬೈಲಿನಿಂದ ಅಳಿಸುತ್ತಾರೆ. 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ಬಂದಿವೆ. ಒಳ್ಳೆಯ ಏರ್ಪಾಡು, ನಾನು ಅದರ ಪರ. ಆದರೆ ಮೊದಲ ಪರೀಕ್ಷೆಯಲ್ಲಿ ಎಲ್ಲಿ ಎಡವಿದೆ ಎಂದು ನೋಡದೆ ಎರಡನೆಯದಕ್ಕೆ ಕೂತರೆ ಅದೇ ಕಲ್ಲಿಗೆ ಅದೇ ಬೆರಳು ತಾಗುತ್ತದೆ. ಎರಡನೇ ಪರೀಕ್ಷೆಗೆ ಟ್ಯೂಷನ್ ಹುಡುಕುವ ಮೊದಲು ಸ್ಕ್ಯಾನ್ ಪ್ರತಿ ತರಿಸಿ. ಟ್ಯೂಷನ್ನಿಗಿಂತ ಬಹಳ ಅಗ್ಗ.

ನೋಡುವುದು ಹೇಗೆ? ನಾನು ಹೇಳುವ ಕ್ರಮ ಹೊಸದೇನಲ್ಲ. ಅಭ್ಯಾಸಕ್ಕೆ ಲೆಕ್ಕ ಮಾಡುವಾಗ, ಉತ್ತರ ಸರಿಯೋ ತಪ್ಪೋ ಎಂದು ಹಿಂದಿನ ಪುಟ ತಿರುಗಿಸುವ ಮೊದಲು, ನಿಮಗೆ ಎಷ್ಟು ಖಾತ್ರಿ ಇದೆ ಎಂದು ಪಕ್ಕದಲ್ಲಿ ಗುರುತು ಹಾಕಿ. ಪೂರ್ತಿ ಖಾತ್ರಿ ಇದ್ದರೆ ಎರಡು ಚುಕ್ಕೆ, ಅನುಮಾನವಿದ್ದರೆ ಒಂದು ಪ್ರಶ್ನಾರ್ಥಕ. ಎರಡು ಚುಕ್ಕೆ ಹಾಕಿಯೂ ತಪ್ಪಾದ ಲೆಕ್ಕ ಸಿಕ್ಕಿತೆಂದರೆ ಅದು ನಿಧಿ. ಬಟರ್‌ಫೀಲ್ಡ್ ಮತ್ತು ಮೆಟ್ಕಾಫ್ ಎಂಬ ಮನೋವಿಜ್ಞಾನಿಗಳು 2001ರಲ್ಲಿ ಇದನ್ನು ಗಮನಿಸಿದರು. ಅರೆಮನಸ್ಸಿನಿಂದ ಹೇಳಿದ ತಪ್ಪು ಉತ್ತರಕ್ಕಿಂತ, ಪೂರ್ಣ ವಿಶ್ವಾಸದಿಂದ ಹೇಳಿದ ತಪ್ಪು ಉತ್ತರವನ್ನು ತಿದ್ದಿದಾಗ ಅದು ಹೆಚ್ಚು ಚೆನ್ನಾಗಿ ನಾಟುತ್ತದೆ. ಅಚ್ಚರಿಯಾದಾಗ ಮನಸ್ಸು ಎಚ್ಚರವಾಗುತ್ತದೆ. ಇದಕ್ಕೆ ಒಂದು ಷರತ್ತಿದೆ, ಅದನ್ನು ಹೇಳದಿದ್ದರೆ ಅರ್ಧ ಸತ್ಯವಾಗುತ್ತದೆ. 2011ರ ಇನ್ನೊಂದು ಅಧ್ಯಯನದಲ್ಲಿ, ತಿದ್ದಿ ಒಂದು ವಾರ ಕಳೆದ ಮೇಲೆ ಸರಿ ಉತ್ತರ ಮರೆತುಹೋದವರಲ್ಲಿ ಅದೇ ಹಳೆಯ ಖಾತ್ರಿಯ ತಪ್ಪು ಮರಳಿ ಬಂದದ್ದು ಕಂಡಿತು. ಆದ್ದರಿಂದ ಇವತ್ತು ತಿದ್ದಿದ ಲೆಕ್ಕವನ್ನು ಮುಂದಿನ ವಾರ, ಉತ್ತರ ನೋಡದೆ, ಮತ್ತೊಮ್ಮೆ ಮಾಡಬೇಕು. ಅದನ್ನು ಮಾಡದವರೇ ಹೆಚ್ಚು.

ಇನ್ನು, ತಪ್ಪು ಹೊರಗಿನವರ ಕಣ್ಣಿಗೆ ಬೀಳುವ ಮೊದಲು ತನ್ನ ಕಣ್ಣಿಗೆ ಬೀಳಬೇಕು. ನಿಮ್ಮ ಪಕ್ಕದ ಜೋಗದಿಂದಲೇ ಒಂದು ಲೆಕ್ಕ. ರಾಜಾ ಧಾರೆಯ ನೆತ್ತಿಯಿಂದ 253 ಮೀಟರ್ ಕೆಳಕ್ಕೆ ಕಲ್ಲೊಂದು ಬೀಳಲು ಎಷ್ಟು ಹೊತ್ತು? ಗಾಳಿಯ ತಡೆ ಲೆಕ್ಕಕ್ಕಿಲ್ಲ. ಎರಡು ಗುಣಿಸು 253, ಭಾಗಿಸು ಗುರುತ್ವದ 9.8, ಬಂತು 51.6. ಇಲ್ಲಿಗೆ ನಿಲ್ಲಿಸಿ '51.6 ಸೆಕೆಂಡ್' ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುವವರು ಪ್ರತಿ ವರ್ಷ ಇರುತ್ತಾರೆ. ವರ್ಗಮೂಲ ತೆಗೆಯುವುದು ಮರೆತಿದೆ. ಸರಿಯಾದ ಉತ್ತರ ಸುಮಾರು 7.2 ಸೆಕೆಂಡ್. ಸೂತ್ರ ಮರೆತರೆ ಮರೆಯಲಿ. ನೆಂಟರನ್ನು ಕರೆದುಕೊಂಡು ಹೋಗಿ ಜೋಗ ತೋರಿಸಿದವರು ನೀವು! ಹತ್ತಿರ ಹತ್ತಿರ ಒಂದು ನಿಮಿಷ ಗಾಳಿಯಲ್ಲೇ ಇರುವ ಕಲ್ಲನ್ನು ಯಾವತ್ತಾದರೂ ನೋಡಿದ್ದೀರಾ? ಉತ್ತರ ಬಂದ ಮೇಲೆ ತಲೆ ಎತ್ತಿ ಲೋಕವನ್ನು ನೋಡುವ ಈ ಅಭ್ಯಾಸವನ್ನು ಯಾವ ಪಠ್ಯಪುಸ್ತಕದಲ್ಲೂ ಪ್ರತ್ಯೇಕ ಪಾಠವಾಗಿ ಇಟ್ಟಿಲ್ಲ.

ನಮ್ಮ ಹಿರಿಯರಿಗೆ ಈ ಎಚ್ಚರ ಇತ್ತು. ಶಿವಮೊಗ್ಗದ ಹತ್ತಿರ ತುಂಗೆಯ ದಡದ ಮತ್ತೂರಿನಂಥ ಕಡೆ ವೇದಪಾಠ ಕೇಳಿದವರಿಗೆ ಜಟಾಪಾಠ ಗೊತ್ತಿರುತ್ತದೆ. ಎರಡು ಪದಗಳನ್ನು ನೇರವಾಗಿ, ಆಮೇಲೆ ತಿರುಗಿಸಿ, ಮತ್ತೆ ನೇರವಾಗಿ ಹೇಳುವುದು. ಘನಪಾಠದಲ್ಲಿ ಮೂರು ಪದಗಳ ಹೆಣಿಗೆ. ಬರಹದ ಆಸರೆಯಿಲ್ಲದೆ ಪಾಠ ಉಳಿಯಬೇಕಾದಾಗ, ಒಂದಕ್ಷರ ಜಾರಿದರೂ ಇನ್ನೊಂದು ದಾರಿಯಲ್ಲಿ ಬರುವಾಗ ಸಿಕ್ಕಿಬೀಳಲಿ ಎಂಬ ಏರ್ಪಾಡು ಅದು. ಅಲ್ಲಿ ತಪ್ಪಿಗೆ ಜಾಗವೇ ಇಲ್ಲ, ಗಣಿತದ ಅಭ್ಯಾಸದಲ್ಲಿ ಇದೆ. ಆದರೂ ಭಾಗಾಕಾರವನ್ನು ಗುಣಾಕಾರದಿಂದ ಸರಿ ನೋಡುವುದು ಇದೇ ಬುದ್ಧಿ.

ಈಗ ನಿಮ್ಮ ಮನೆಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಎರಡನೇ ಔಷಧಿ ಹೊಡೆಯುವ ಹೊತ್ತು. ಮಳೆ ಬಿಡದೆ ಅಪ್ಪಂದಿರು ಆಕಾಶ ನೋಡುತ್ತಿದ್ದಾರೆ. ಆ ಔಷಧಿ, ಬೋರ್ಡೋ ದ್ರಾವಣ, ಮಾಡುವುದನ್ನು ನೋಡಿಯೇ ಇರುತ್ತೀರಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ಬೇರೆ ಬೇರೆ ಕರಗಿಸಿ ಸೇರಿಸುವುದು. ಸೇರಿಸಿದ ಮೇಲೆ ಅನುಭವಸ್ಥರು ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕತ್ತಿ ಬೆಳ್ಳಗೆ ಬಂದರೆ ಹದ ಸರಿಯಾಯಿತು. ತಪ್ಪು ಡ್ರಮ್ಮಿನಲ್ಲೇ ಸಿಕ್ಕಿಬಿಡುತ್ತದೆ, ಮರ ಹತ್ತಿ ಹೊಡೆದ ಮೇಲೆ ಎಳೆಗಾಯಿ ಸುಟ್ಟು ತಿಳಿಯಬೇಕಾಗಿಲ್ಲ. ಅಭ್ಯಾಸದ ಪುಸ್ತಕ ಇರುವುದೂ ಇದಕ್ಕೇ. ಅಂದಹಾಗೆ, ಆ ಕೆಂಪು ತಾಮ್ರದ್ದು. ಹತ್ತನೇ ತರಗತಿಯಲ್ಲಿ ತಾಮ್ರದ ಸಲ್ಫೇಟಿಗೆ ಕಬ್ಬಿಣದ ಮೊಳೆ ಹಾಕಿ 'ಸ್ಥಾನಪಲ್ಲಟ ಕ್ರಿಯೆ' ಎಂದು ಬಾಯಿಪಾಠ ಮಾಡಿದಿರಲ್ಲ, ಅದೇ ಕ್ರಿಯೆ ಅಂಗಳದ ಡ್ರಮ್ಮಿನಲ್ಲಿ ನಡೆಯುತ್ತಿದೆ.

ಕೊಳೆಯ ಕಥೆಯನ್ನು ಇಷ್ಟಕ್ಕೇ ಬಿಡಲು ಮನಸ್ಸಿಲ್ಲ. ಒಂದು ಕಾಲದಲ್ಲಿ ಮಲೆನಾಡಿನವರು ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಅಡಿಕೆಯ ಕೊಳೆಯನ್ನು ಅಭ್ಯಾಸ ಮಾಡಿ, ಅದರ ಹಿಂದಿರುವುದು ಫೈಟಾಪ್ತೊರಾ ಎಂಬ ಸೂಕ್ಷ್ಮಜೀವಿ ಎಂದು 1910ರಲ್ಲಿ ಬರೆದರು. ಫ್ರಾನ್ಸಿನ ದ್ರಾಕ್ಷಿ ತೋಟಗಳ ಬೋರ್ಡೋ ದ್ರಾವಣ ನಮ್ಮ ಅಡಿಕೆ ಮರ ಹತ್ತಿದ್ದು ಈ ಕೆಲಸದಿಂದ. ಅವರು ಮೊದಲು ಕೊಳೆತ ಕಾಯಿಯನ್ನು ಕೈಗೆತ್ತಿಕೊಂಡು ನೋಡಿದರು. ಅಸಹ್ಯವೆಂದು ಎಸೆದಿದ್ದರೆ ಔಷಧಿ ಎಲ್ಲಿಂದ ಬರುತ್ತಿತ್ತು?

ದೊಡ್ಡವರ ತಪ್ಪು ಹೇಗಿರುತ್ತದೆ ಎಂದು ಕೇಳುವವರಿಗೆ ರಾಮಾನುಜನ್ ಹೆಸರು ಹೇಳುತ್ತೇನೆ. ಅವರು ಕಾಲೇಜು ಪರೀಕ್ಷೆಯಲ್ಲಿ ನಪಾಸಾದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅದರಲ್ಲಿ ಕಲಿಯುವುದು ಹೆಚ್ಚಿಲ್ಲ. 1913ರ ಜನವರಿಯಲ್ಲಿ ಅವರು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಬರೆದ ಪತ್ರವೇ ಹೆಚ್ಚು ಸ್ವಾರಸ್ಯದ್ದು. ಒಂದು ಮಿತಿಯೊಳಗೆ ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆ ಎಂಬುದಕ್ಕೆ ಬಹಳ ನಿಖರವಾದ ಸೂತ್ರ ಸಿಕ್ಕಿದೆ ಎಂದು ಅವರು ತಿಳಿದಿದ್ದರು. ಅದು ತಪ್ಪಾಗಿತ್ತು. ಹಾರ್ಡಿ ಪತ್ರವನ್ನು ಪಕ್ಕಕ್ಕೆ ಎಸೆಯಲಿಲ್ಲ, ಸೂತ್ರಗಳ ಪುರಾವೆಗಳನ್ನು (ಪ್ರೂಫ್) ಕಳಿಸಿ ಎಂದು ಕೇಳಿದರು, ಅಂದರೆ 'ಇದು ಹೇಗೆ ಬಂತು?' ಎಂದೇ ಕೇಳಿದರು. ದಾರಿ ತಿಳಿದ ಮೇಲೆ ತಪ್ಪಿದ ಜಾಗ ಕಂಡಿತು: ಅವಿಭಾಜ್ಯ ಸಂಖ್ಯೆಗಳ ಹಂಚಿಕೆಗೆ ಸಂಬಂಧಿಸಿದ ಝೀಟಾ ಎಂಬ ಫಲನದ ಸಂಕೀರ್ಣ ಶೂನ್ಯಗಳನ್ನು ರಾಮಾನುಜನ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈ ವಿಷಯದಲ್ಲಿ ಅವರ ಸೋಲು ಅವರ ಗೆಲುವುಗಳಿಗಿಂತ ವಿಸ್ಮಯಕರವೇನೋ ಎಂಬ ಅರ್ಥದ ಮಾತನ್ನು ಹಾರ್ಡಿಯೇ ಮುಂದೆ ಬರೆದಿದ್ದಾರೆ. ಯಾರ ನೆರವೂ ಇಲ್ಲದೆ ಅಷ್ಟು ದೂರ ನಡೆದು ಅಲ್ಲಿ ತಪ್ಪಿದರಲ್ಲ ಎಂಬ ಬೆರಗು ಅದು. ನಿಮ್ಮ ಶಿಕ್ಷಕರು ಹಾರ್ಡಿ ಆಗಬೇಕಾಗಿಲ್ಲ, ನೀವು ರಾಮಾನುಜನ್ ಆಗಬೇಕಾಗಿಲ್ಲ. ಆ ಪ್ರಶ್ನೆಯನ್ನು ಕೇಳುವುದಕ್ಕೆ ಕೇಂಬ್ರಿಜ್ ಬೇಕಾಗಿಲ್ಲ.

ನನ್ನ ಮಾತು ಮುಗಿಯಿತು, ಪ್ರಶ್ನೆಗಳಿದ್ದರೆ ಕೇಳಿ.

ತಾಯಿಯೊಬ್ಬರು ಕೇಳಿದರು: 'ಸಾರ್, ನಾನು ಓದಿದ್ದು ಏಳನೇ ತರಗತಿ. ಮಗಳ ಲೆಕ್ಕ ನನಗೆ ತಿಳಿಯುವುದಿಲ್ಲ. ಅವಳ ತಪ್ಪನ್ನು ನಾನು ಹೇಗೆ ನೋಡಲಿ?'

ಅಮ್ಮಾ, ತಿಳಿಯದಿರುವುದೇ ಇಲ್ಲಿ ಅನುಕೂಲ. ತಿಳಿದವರು ಬಾಯಿ ಹಾಕಿ ತಾವೇ ಬಿಡಿಸಿಬಿಡುತ್ತಾರೆ. ನೀವು ಹಾಗೆ ಮಾಡುವ ಭಯವಿಲ್ಲ. ತಪ್ಪಾದ ಲೆಕ್ಕವನ್ನು ನಿಮಗೆ ವಿವರಿಸಲು ಅವಳಿಗೆ ಹೇಳಿ. ಪ್ರತಿ ಸಾಲಿಗೂ 'ಇದು ಎಲ್ಲಿಂದ ಬಂತು ಮಗಳೇ?' ಎಂದು ಕೇಳಿ. ಬಹಳ ಸಲ ಮೂರನೆಯ ಸಾಲಿನಲ್ಲೋ ನಾಲ್ಕನೆಯ ಸಾಲಿನಲ್ಲೋ ಅವಳೇ ನಿಲ್ಲುತ್ತಾಳೆ. ನಿಲ್ಲದಿದ್ದರೆ ಆ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಸಿ ಮರುದಿನ ಶಿಕ್ಷಕರ ಹತ್ತಿರ ಕಳಿಸಿ. 'ಈ ಪಾಠ ಅರ್ಥವಾಗಲಿಲ್ಲ' ಎಂದು ಹೋಗುವ ಮಗುವಿಗಿಂತ 'ಈ ಸಾಲು ಅರ್ಥವಾಗಲಿಲ್ಲ' ಎಂದು ಹೋಗುವ ಮಗುವಿಗೆ ಶಿಕ್ಷಕರು ಬೇಗ ಸಹಾಯ ಮಾಡಬಲ್ಲರು.

ಒಬ್ಬ ವಿದ್ಯಾರ್ಥಿ ಕೇಳಿದ: 'ಪರೀಕ್ಷೆ ಮುಗಿಯಲು ಹತ್ತು ನಿಮಿಷ ಇರುವಾಗ ತಪ್ಪು ಮಾಡಿದ್ದು ಗೊತ್ತಾದರೆ ಏನು ಮಾಡಬೇಕು ಸಾರ್?'

ಮೊದಲು, ಗೀಚಿ ಕಪ್ಪು ಮಾಡಬೇಡಿ. ತಪ್ಪಿದ ಸಾಲಿನಿಂದ ಕೆಳಕ್ಕೆ ಒಂದೇ ಗೆರೆ ಎಳೆಯಿರಿ. ಅದಕ್ಕಿಂತ ಮೇಲಿನ ಹಂತಗಳು ಸರಿ ಇದ್ದರೆ ಅವುಗಳಿಗೆ ಅಂಕ ಇರುತ್ತದೆ, ಪೂರ್ತಿ ಹೊಡೆದು ಹಾಕಿ ಅದನ್ನೂ ಕಳೆದುಕೊಳ್ಳಬೇಡಿ. ಪಕ್ಕದಲ್ಲಿ ಜಾಗವಿಲ್ಲದಿದ್ದರೆ ಪ್ರಶ್ನೆಯ ಸಂಖ್ಯೆ ಹಾಕಿ ಮುಂದಿನ ಖಾಲಿ ಪುಟದಲ್ಲಿ ಮುಂದುವರಿಸಿ. ಹೊತ್ತು ತೀರ ಕಡಿಮೆ ಇದ್ದರೆ ಮುಂದಿನ ಹಂತದ ಸೂತ್ರವನ್ನಾದರೂ ಬರೆಯಿರಿ. ನೀಟ್ ಬರೆಯುವವರಿಗೆ ಈ ಸೌಲಭ್ಯವಿಲ್ಲ. ಅಲ್ಲಿ ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೆಯುತ್ತಾರೆ, ಪೆನ್ನಿನಲ್ಲಿ ತುಂಬಿದ ವೃತ್ತವನ್ನು ಬದಲಿಸಲು ಬರುವುದಿಲ್ಲ. ಆದ್ದರಿಂದ ಪ್ರಶ್ನೆಪತ್ರಿಕೆಯ ಮೇಲೆ ಮೊದಲು ಗುರುತು ಹಾಕಿಕೊಂಡು, ಪ್ರಶ್ನೆಯಲ್ಲಿ 'ಅಲ್ಲ' ಎಂಬ ಪದ ಇದೆಯೇ ಎಂದು ಮತ್ತೊಮ್ಮೆ ಓದಿ, ಆಮೇಲೆ ವೃತ್ತ ತುಂಬಿ.